ಎಳೆದರಷ್ಟೇ ಸಾಲದು, ನಿಲ್ಲಿಸಲೂ ಬೇಕು

ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳ ನಮ್ಮ ಕನ್ನಡ ಮನೆಗಳಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಇಂದು ಬಹುಮಟ್ಟಿಗೆ ಟ್ರ್ಯಾಕ್ಟರು, ಜೀಪು ಹಾಗೂ ಸಣ್ಣ ಸರಕು ವಾಹನಗಳು ಆಕ್ರಮಿಸಿವೆ. ಕಣೇಕಲ್ಲು, ಗುಮ್ಮಗಟ್ಟ, ಡಿ. ಹಿರೇಹಾಳುಗಳ ಕಡೆ ಶೇಂಗಾ ಎನ್ನುವ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿಗಳ ಕಡೆ ಕಡಲೆಕಾಯಿ ಎನ್ನುವ ಬೆಳೆಯೊಂದೇ ವರ್ಷಕ್ಕೊಮ್ಮೆ ಎಷ್ಟು ಯಂತ್ರಗಳನ್ನು ರಸ್ತೆಗೆ ಇಳಿಸುತ್ತದೆಂಬುದು ವಾಚಕರಿಗೆ ತಿಳಿದದ್ದೇ. ಕಾಯಿ ಬಿಡಿಸುವ ಯಂತ್ರ ಹೊಲದಿಂದ ಹೊಲಕ್ಕೆ ಹೋಗಬೇಕು. ಕೆಟ್ಟ ಪಂಪನ್ನು ಕೊಳವೆಬಾವಿಯಿಂದ ಮೇಲೆತ್ತುವ ಮುಕ್ಕಾಲಿ, ಸರಪಳಿ, ಕಬ್ಬಿಣದ ಕೊಳವೆಗಳು ಊರಿಂದೂರಿಗೆ ಸಾಗಬೇಕು. ಕಲ್ಲು ಕೊರೆಯುವ ಕಂಪ್ರೆಸರು ಬಂಡೆಯ ಬುಡವನ್ನು ಸೇರಬೇಕು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಕಾಣುವ ಅನಂತಪುರದ ಈ ಸೀಮೆಯಲ್ಲಿ, ನೀರಿಗಾಗಿ ಹಾಗೂ ಬೆಳೆಗಾಗಿ ಯಂತ್ರವನ್ನು ಹೊತ್ತು ತಿರುಗುವುದು ಅನಿವಾರ್ಯವಾಗಿ ಪರಿಣಮಿಸಿದೆ.

ಯಂತ್ರ ದೊಡ್ಡದು, ಅದನ್ನು ಎಳೆಯುವ ವಾಹನ ಮಾತ್ರ ಅನೇಕ ವೇಳೆ ಚಿಕ್ಕದು. ಸಣ್ಣ ಹಿಡುವಳಿಯ ರೈತನಿಗೆ ದೊಡ್ಡ ವಾಹನವನ್ನು ಕೊಳ್ಳುವ ಶಕ್ತಿಯಿಲ್ಲ, ಬಾಡಿಗೆಗೆ ತರುವ ಅನುಕೂಲವೂ ಎಲ್ಲ ಕಾಲದಲ್ಲಿ ಇರುವುದಿಲ್ಲ. ಆದುದರಿಂದ ಇದ್ದ ಚಿಕ್ಕ ವಾಹನಕ್ಕೇ ಟ್ರೈಲರನ್ನು ತಗುಲಿಸಿ, ಇದ್ದ ಹೊರೆಯನ್ನೆಲ್ಲ ಏರಿಸಿ ಹೊರಡುವುದು ವಾಡಿಕೆಯಾಗಿದೆ. ಇದನ್ನು ಬರಿಯ ಅವಿವೇಕವೆಂದು ಹಳಿಯುವುದು ಸುಲಭ. ಆದರೆ ಬಡತನದ ಒತ್ತಡದಲ್ಲಿ ನಡೆಯುವ ಕೆಲಸವನ್ನು ಹಳಿಯುವುದಕ್ಕಿಂತ, ಅದನ್ನು ಅಪಾಯವಿಲ್ಲದೆ ನಡೆಸುವ ಬಗೆ ಯಾವುದೆಂದು ವಿಚಾರ ಮಾಡುವುದು ಮೇಲೆಂದು ನಾವು ಭಾವಿಸುತ್ತೇವೆ. ಯಂತ್ರಗಳ ಮೇಲಿನ ಎಚ್ಚರಿಕೆಯ ಬರಹಗಳು ಬಹುವಾಗಿ ಇಂಗ್ಲಿಷಿನಲ್ಲಿರುತ್ತವೆ, ರಸ್ತೆಬದಿಯ ಫಲಕಗಳು ತೆಲುಗಿನಲ್ಲಿರುತ್ತವೆ. ಮನೆಯಲ್ಲಿ ಆಡುವ ಮಾತಿನಲ್ಲಿ ಈ ವಿಷಯವನ್ನು ಬಿಡಿಸಿ ಹೇಳಿದರೆ, ವಾಹನ ನಡೆಸುವ ಮಗನಿಗೆ ಮಾತ್ರವಲ್ಲ, ಅವನನ್ನು ಕಳಿಸಿ ದಾರಿ ಕಾಯುವ ಹಿರಿಯರಿಗೂ ತಾಯಂದಿರಿಗೂ ಪ್ರಯೋಜನವಾದೀತೆಂಬುದು ನಮ್ಮ ಆಶಯ.

ಹಿಂದಿನವರ ತಿಳಿವಳಿಕೆ

ಭಾರವನ್ನು ದೂರಕ್ಕೆ ಸಾಗಿಸುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಅಮರಾಪುರದ ಸಮೀಪದ ಹೇಮಾವತಿ ಒಂದು ಕಾಲದಲ್ಲಿ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿ ಮೆರೆದ ಊರು. ಅಲ್ಲಿಯ ಶಿಲ್ಪಿಗಳು ಕಡೆದ ನುಣುಪಾದ ಕರಿಗಲ್ಲಿನ ಕಂಬಗಳು ಇಂದು ತಂಜಾವೂರಿನ ಬಳಿಯ ತಿರುವೈಯಾರಿನ ದೇವಾಲಯದಲ್ಲಿ ನಿಂತಿವೆ. ಚೋಳರು ತಮ್ಮ ದಂಡಯಾತ್ರೆಯ ಕಾಲದಲ್ಲಿ ಅವನ್ನು ಕೊಂಡೊಯ್ದರೆಂಬುದು ಇತಿಹಾಸಕಾರರ ಅಭಿಪ್ರಾಯ. ಯಂತ್ರಗಳಿಲ್ಲದ ಆ ಕಾಲದಲ್ಲಿ ಅಷ್ಟು ಕಲ್ಲುಗಳು ನೂರಾರು ಮೈಲಿಗಳನ್ನು ದಾಟಿ ಮುಕ್ಕಾಗದೆ ಹೋಗಿ ಸೇರಿದವೆಂದರೆ, ಏರಿಸುವ, ಕಟ್ಟುವ, ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ಕೆಲಸಗಳನ್ನು ಬಲ್ಲ ಜನ ಇದ್ದಿರಲೇಬೇಕು.

ಅಷ್ಟು ಹಿಂದಕ್ಕೆ ಹೋಗುವ ಅಗತ್ಯವೂ ಇಲ್ಲ. ನಮ್ಮ ಊರುಗಳ ರಥೋತ್ಸವವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ತೇರಿನ ಮಿಣಿಯನ್ನು ನೂರಾರು ಮಂದಿ ಎಳೆಯುತ್ತಾರೆ. ಅದಕ್ಕೆ ಉತ್ಸಾಹವೊಂದಿದ್ದರೆ ಸಾಕು. ಆದರೆ ಗಾಲಿಯ ಪಕ್ಕದಲ್ಲಿ ಮರದ ಸನ್ನೆಯನ್ನು ಹಿಡಿದು ನಡೆಯುವವರು ನಾಲ್ಕಾರು ಮಂದಿ ಮಾತ್ರ, ಅವರೂ ಅನುಭವಸ್ಥರು. ತೇರು ಓಡುವುದು ಎಳೆಯುವವರ ಬಲದಿಂದಾದರೆ, ಅದು ಜನರ ಮೇಲೆ ಹರಿಯದೆ ಉಳಿಯುವುದು ಸನ್ನೆ ಹಾಕುವವರ ಎಚ್ಚರದಿಂದ. ಎಳೆಯುವ ಬಲ ಬೇರೆ, ನಿಲ್ಲಿಸುವ ಬಲ ಬೇರೆ. ಟ್ರೈಲರಿನ ವಿಷಯದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತೂ ಇದೇ ಆಗಿದೆ.

ಎಂಜಿನಿಗೆ ಎಳೆಯಲು ಸಾಧ್ಯ, ಬ್ರೇಕಿಗೆ?

ವಾಹನವನ್ನು ಕೊಳ್ಳುವಾಗಲೂ ನಡೆಸುವಾಗಲೂ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಇದು ಎಷ್ಟು ಎಳೆಯುತ್ತದೆ?’ ಕೆಳಗಿನ ಗೇರಿನಲ್ಲಿ ಹಾಕಿದರೆ ಚಿಕ್ಕ ಟ್ರ್ಯಾಕ್ಟರು ಸಹ ತನ್ನ ತೂಕದ ಹಲವು ಪಟ್ಟು ಭಾರವನ್ನು ಸಮತಟ್ಟಾದ ರಸ್ತೆಯಲ್ಲಿ ಎಳೆದೀತು. ಇದನ್ನು ಕಂಡು, ಎಳೆದದ್ದರಿಂದಲೇ ಅದು ತಾಳುವ ಹೊರೆಯೆಂದು ತಿಳಿಯುವುದು ಎಲ್ಲ ಅನರ್ಥಕ್ಕೂ ಮೂಲ. ನಮ್ಮ ಕಡೆಯ ಅನೇಕ ಟ್ರೈಲರುಗಳಿಗೆ ಸ್ವಂತ ಬ್ರೇಕು ಇರುವುದಿಲ್ಲ, ಇದ್ದರೂ ಕೆಲಸ ಮಾಡುವುದಿಲ್ಲ. ಅಂದ ಮೇಲೆ ಹಿಂದಿನ ಭಾರವನ್ನೆಲ್ಲ ತಡೆದು ನಿಲ್ಲಿಸುವ ಹೊಣೆ ಮುಂದಿನ ಚಿಕ್ಕ ವಾಹನದ ಬ್ರೇಕಿನ ಮೇಲೆಯೇ ಬೀಳುತ್ತದೆ.

ಒಂದು ಸರಳವಾದ ಲೆಕ್ಕವನ್ನು ನೋಡೋಣ. ಟ್ರ್ಯಾಕ್ಟರಿನ ತೂಕ 1,000 ಕಿಲೋಗ್ರಾಂ ಇರಲಿ; ಟ್ರೈಲರು ಮತ್ತು ಅದರ ಮೇಲಿನ ಯಂತ್ರ ಸೇರಿ 3,000 ಕಿಲೋಗ್ರಾಂ ಇರಲಿ; ವೇಗ ಗಂಟೆಗೆ 25 ಕಿಲೋಮೀಟರು ಇರಲಿ. ಟ್ರ್ಯಾಕ್ಟರು ಒಂದೇ ಹೋಗುತ್ತಿದ್ದಾಗ ಬ್ರೇಕು ಹಿಡಿದರೆ ಸುಮಾರು 6 ಮೀಟರಿನೊಳಗೆ ನಿಲ್ಲುತ್ತದೆಂದು ಇಟ್ಟುಕೊಳ್ಳೋಣ. ಅದೇ ಬ್ರೇಕು ಈಗ ಒಟ್ಟು 4,000 ಕಿಲೋಗ್ರಾಂ ಭಾರವನ್ನು, ಅಂದರೆ ಮೊದಲಿನ ನಾಲ್ಕು ಪಟ್ಟನ್ನು, ತಡೆಯಬೇಕು. ಆಗ ನಿಲ್ಲುವ ದೂರವೂ ನಾಲ್ಕು ಪಟ್ಟಾಗಿ 24 ಮೀಟರಾಗುತ್ತದೆ. ಅಡ್ಡ ಬಂದ ಮಗುವನ್ನೋ ಕುರಿಯನ್ನೋ ಕಂಡು ಕಾಲು ಬ್ರೇಕನ್ನು ಮುಟ್ಟುವುದಕ್ಕೆ ಒಂದು ಸೆಕೆಂಡು ಹಿಡಿದರೂ ಇನ್ನೊಂದು 7 ಮೀಟರು ಕಳೆದಿರುತ್ತದೆ. ಒಟ್ಟು 31 ಮೀಟರು; ನಮ್ಮ ಹಳ್ಳಿಗಳ ಬೀದಿಯ ತಿರುವಿನಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದೇ ಅಪರೂಪ.

ಇದು ಸಮತಟ್ಟಾದ ರಸ್ತೆಯ ಮಾತು. 20 ಮೀಟರು ಮುಂದೆ ಹೋದಾಗ 1 ಮೀಟರು ಕೆಳಗಿಳಿಯುವ ಸಾಧಾರಣ ಇಳಿಜಾರಿನಲ್ಲಿ, ಅದೇ ವಾಹನ ಅದೇ ವೇಗದಿಂದ ನಿಲ್ಲುವುದಕ್ಕೆ ಸುಮಾರು 47 ಮೀಟರು ಬೇಕಾಗುತ್ತದೆ. 10 ಮೀಟರಿಗೆ 1 ಮೀಟರು ಇಳಿಯುವ ಕಡಿದಾದ ದಾರಿಯಲ್ಲಿ, ಕೆಳಕ್ಕೆ ನೂಕುವ ಭಾರವೂ ಬ್ರೇಕಿನ ಬಲವೂ ಹೆಚ್ಚುಕಡಿಮೆ ಸರಿಸಮವಾಗಿಬಿಡುತ್ತವೆ. ಅರ್ಥಾತ್, ಬ್ರೇಕನ್ನು ಪೂರ್ತಿ ತುಳಿದರೂ ವಾಹನ ನಿಲ್ಲುವುದಿಲ್ಲ. ಓಡಿದ ವೇಗದಲ್ಲೇ ಓಡುತ್ತಿರುತ್ತದೆ. ಚಕ್ರಗಳ ಸ್ವಾಭಾವಿಕ ತಡೆಯನ್ನು ಬಿಟ್ಟು ಮಾಡಿದ ಸ್ಥೂಲ ಲೆಕ್ಕವಿದು. ರಸ್ತೆ, ಟೈರು, ಬ್ರೇಕುಗಳ ಸ್ಥಿತಿಗೆ ತಕ್ಕಂತೆ ಅಂಕಿಗಳು ಬದಲಾಗಬಹುದು. ಆದರೆ ‘ಬ್ರೇಕು ಹಿಡಿಯಲಿಲ್ಲ’ ಎಂದು ಅಪಘಾತದ ತರುವಾಯ ಹೇಳುವ ಮಾತಿನ ಹಿಂದೆ ಅನೇಕ ವೇಳೆ ಕೆಟ್ಟ ಬ್ರೇಕು ಇರುವುದಿಲ್ಲ, ಮೀರಿದ ಹೊರೆ ಇರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಎಷ್ಟು ಭಾರವನ್ನು ಹೇರಬೇಕೆಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಬ್ರೇಕಿಲ್ಲದ ಟ್ರೈಲರಾಗಲಿ ಯಂತ್ರವಾಗಲಿ ಟ್ರ್ಯಾಕ್ಟರಿನ ತೂಕದ ಒಂದೂವರೆ ಪಟ್ಟನ್ನು ಮೀರಬಾರದೆಂದು ಕೆಲವು ತಯಾರಕರ ಕೈಪಿಡಿಗಳು ವಿಧಿಸುತ್ತವೆ. ನಮ್ಮ ಲೆಕ್ಕದ ಟ್ರ್ಯಾಕ್ಟರಿಗೆ ಅದು 1,500 ಕಿಲೋಗ್ರಾಂ. ಆಗ ನಿಲ್ಲುವ ದೂರ 24ರ ಬದಲು 15 ಮೀಟರಿಗೆ ಇಳಿಯುತ್ತದೆ. ವೇಗವನ್ನು ಅರ್ಧಕ್ಕೆ ತಂದರೆ ಆ ದೂರವೂ ನಾಲ್ಕನೆಯ ಒಂದು ಪಾಲಿಗೆ ತಗ್ಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಲ್ಲಿ ಬ್ರೇಕು ಇದ್ದಷ್ಟು ಹೊರೆ ಹೇರಬೇಕೆಂದು ಓದಿಕೊಳ್ಳಬಹುದು. ಎರಡು ಸಲ ಹೋಗಿಬರಲು ತಗಲುವ ಡೀಸೆಲಿನ ಖರ್ಚು ಒಂದು ಸಲ ಉರುಳಿಬಿದ್ದ ಖರ್ಚಿಗೆ ಯಾವ ಕಾಲಕ್ಕೂ ಸಮವಾಗದು.

ಇಳಿಜಾರಿನ ನಿಯಮ

ನಮ್ಮ ಸೀಮೆ ಬಯಲುಸೀಮೆಯೇ ಆದರೂ ಗುಡ್ಡಗಳ ಸೀಮೆಯೂ ಹೌದು. ರಾಯದುರ್ಗದಿಂದ ಮೊಳಕಾಲ್ಮೂರಿನ ಕಡೆಗೂ, ಮಡಕಶಿರಾದಿಂದ ಪಾವಗಡ, ಶಿರಾಗಳ ಕಡೆಗೂ ಹೋಗುವವರಿಗೆ ಏರಿಳಿತಗಳು ಅಪರಿಚಿತವಲ್ಲ. ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲಿಗೆ ತಂದು, ಡೀಸೆಲು ಉಳಿಯಲೆಂದು ವಾಹನವನ್ನು ತಾನಾಗಿ ಉರುಳಬಿಡುವುದು ಕೆಲವರ ಅಭ್ಯಾಸ. ಉಳಿಯುವುದು ಎರಡು ಚಮಚ ಎಣ್ಣೆ. ಕಳೆದುಕೊಳ್ಳುವುದು ಎಂಜಿನಿನ ತಡೆ. ಕೆಳಗಿನ ಗೇರಿನಲ್ಲಿದ್ದಾಗ ಎಂಜಿನು ಚಕ್ರಗಳನ್ನು ಹಿಡಿದಿಡುತ್ತದೆ, ಬ್ರೇಕಿಗೆ ಜೊತೆಯಾಗಿ ನಿಲ್ಲುತ್ತದೆ. ನ್ಯೂಟ್ರಲಿನಲ್ಲಿ ಆ ಜೊತೆ ತಪ್ಪಿ, ಬ್ರೇಕೊಂದೇ ಉಜ್ಜಿ ಉಜ್ಜಿ ಕಾದು ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಆದುದರಿಂದ ಇಳಿಜಾರಿನ ನೆತ್ತಿಯಲ್ಲಿಯೇ ವಾಹನವನ್ನು ನಿಧಾನಿಸಿ, ಏರುವುದಕ್ಕೆ ಯಾವ ಗೇರು ಬೇಕಾಗುತ್ತಿತ್ತೋ ಅದೇ ಗೇರಿಗೆ ಹಾಕಿಕೊಂಡು ಇಳಿಯತಕ್ಕದ್ದು. ನಡುವೆ ಗೇರು ಬದಲಿಸುವ ಸಾಹಸ ಸಲ್ಲದು. ಹಳೆಯ ಗೇರು ಬಿಟ್ಟು ಹೊಸ ಗೇರು ಸಿಕ್ಕದೆ ಹೋದರೆ ವಾಹನ ಕೈಬಿಟ್ಟು ಹೋಗುತ್ತದೆ. ಕ್ಲಚ್ಚನ್ನು ಒತ್ತಿ ಹಿಡಿದು ಇಳಿಯುವುದೂ ನ್ಯೂಟ್ರಲಿನಲ್ಲಿ ಇಳಿಯುವುದೂ ಒಂದೇ ಎಂಬುದನ್ನು ಮರೆಯಬಾರದು.

ಟ್ರ್ಯಾಕ್ಟರು ನಡೆಸುವವರು ಇನ್ನೊಂದು ವಿಷಯವನ್ನು ವಿಶೇಷವಾಗಿ ಲಕ್ಷಿಸಬೇಕು. ಹೊಲದ ಮೂಲೆಯಲ್ಲಿ ಚಿಕ್ಕದಾಗಿ ತಿರುಗಲೆಂದು ಟ್ರ್ಯಾಕ್ಟರಿನ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕು ಪೆಡಲುಗಳನ್ನು ಕೊಟ್ಟಿರುತ್ತಾರೆ. ರಸ್ತೆಗೆ ಬರುವ ಮೊದಲು ಆ ಎರಡನ್ನೂ ಕೊಂಡಿಯಿಂದ ಒಂದಾಗಿ ಸೇರಿಸಬೇಕು. ಸೇರಿಸದೆ ಬಂದು, ಗಾಬರಿಯಲ್ಲಿ ಒಂದು ಪೆಡಲನ್ನಷ್ಟೇ ತುಳಿದರೆ ಒಂದು ಚಕ್ರ ಮಾತ್ರ ನಿಂತು ಟ್ರ್ಯಾಕ್ಟರು ಅಡ್ಡಕ್ಕೆ ತಿರುಗುತ್ತದೆ. ಹಿಂದಿನ ಟ್ರೈಲರು ಬಂದು ಅದನ್ನು ಮಗ್ಗುಲಿಗೆ ಕೆಡವುತ್ತದೆ. ಕೊಂಡಿಯನ್ನು ಹಾಕಲು ಹಿಡಿಯುವುದು ಕ್ಷಣಕಾಲ ಮಾತ್ರ.

ಮೂಕಿಯ ಭಾರ

ಹೊರೆ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಮುಖ್ಯ. ಎತ್ತಿನ ಗಾಡಿ ಹೂಡಿದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಲ್ಲನ್ನಾಗಲಿ ಮೂಟೆಯನ್ನಾಗಲಿ ಹಿಂದಕ್ಕೆ ಹೇರಿದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಬಿಗಿಯುತ್ತದೆ. ತೀರ ಮುಂದಕ್ಕೆ ಹೇರಿದರೆ ಎತ್ತುಗಳ ಹೆಗಲು ಕುಸಿಯುತ್ತದೆ. ಮೂಕಿಯ ಮೇಲೆ ಹಗುರಾದ ಒಂದು ಒತ್ತಡ ಉಳಿಯುವಂತೆ ಹೊರೆಯನ್ನು ಸರಿದೂಗಿಸುವುದೇ ಗಾಡಿಕಾರನ ಜಾಣ್ಮೆ. ಒಂದೇ ಅಚ್ಚಿನ, ಎರಡು ಗಾಲಿಗಳ ಟ್ರೈಲರೂ ಇದೇ ಏತದ ನ್ಯಾಯಕ್ಕೆ ಒಳಪಟ್ಟಿದೆ.

ಜೀಪು ಅಥವಾ ಸಣ್ಣ ಸರಕು ವಾಹನದ ಹಿಂದೆ ಇಂಥ ಟ್ರೈಲರನ್ನು ಕಟ್ಟಿದಾಗ, ಟ್ರೈಲರಿನ ಒಟ್ಟು ತೂಕದಲ್ಲಿ ಹತ್ತನೆಯ ಒಂದು ಪಾಲಿನ ಆಸುಪಾಸು ಕೊಕ್ಕೆಯ ಮೇಲೆ ಇರುವುದು ಹಿತಕರ. 1,000 ಕಿಲೋಗ್ರಾಂ ಟ್ರೈಲರಾದರೆ ಸುಮಾರು 100 ಕಿಲೋಗ್ರಾಂ. ಭಾರವಾದ ಯಂತ್ರ ಅಚ್ಚಿನ ಹಿಂದಕ್ಕೆ ಸರಿದಿದ್ದರೆ, ಟ್ರೈಲರು ವಾಹನದ ಹಿಂಬದಿಯನ್ನು ಮೇಲಕ್ಕೆತ್ತುತ್ತದೆ. ವೇಗ ಹೆಚ್ಚಿದಂತೆ ಹಾವಿನ ಬಾಲದಂತೆ ಎಡಬಲಕ್ಕೆ ಓಲಾಡತೊಡಗುತ್ತದೆ. ಹಾಗೆ ಓಲಾಡತೊಡಗಿದಾಗ ಬಲವಾಗಿ ಬ್ರೇಕು ಹಿಡಿಯುವುದಾಗಲಿ, ಚಕ್ರವನ್ನು ಅತ್ತಿತ್ತ ತಿರುಗಿಸಿ ಸರಿಪಡಿಸಲು ಯತ್ನಿಸುವುದಾಗಲಿ ಅಪಾಯಕ್ಕೆ ದಾರಿ. ವೇಗವನ್ನು ಹೆಚ್ಚಿಸದೆ, ಚಕ್ರವನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು. ಅನಂತರ ಪಕ್ಕಕ್ಕೆ ನಿಲ್ಲಿಸಿ ಹೊರೆಯನ್ನು ಮುಂದಕ್ಕೆ ಸರಿಸಿಕೊಳ್ಳಬೇಕು.

ಹೊರಗಿನ ದೇಶಗಳು ಈ ವಿಷಯದಲ್ಲಿ ಕಟ್ಟುನಿಟ್ಟು ಮಾಡಿವೆ. ಬ್ರಿಟನ್ನಿನಲ್ಲಿ ಸ್ವಂತ ಬ್ರೇಕಿಲ್ಲದ ಟ್ರೈಲರನ್ನು ಕಾರು ಎಳೆಯಬೇಕಾದರೆ ಅದರ ತೂಕ ಹೊರೆಯೂ ಸೇರಿ 750 ಕಿಲೋಗ್ರಾಂ ಮೀರುವಂತಿಲ್ಲ. ಎಳೆಯುವ ವಾಹನದ ತೂಕದ ಅರ್ಧವನ್ನೂ ಮೀರುವಂತಿಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ನುಣುಪಾದ ರಸ್ತೆಗಳ ಆ ನಾಡಿನಲ್ಲಿಯೇ ಇಷ್ಟು ಎಚ್ಚರ ಅಗತ್ಯವಾದರೆ, ಗುಂಡಿಗಳ ನಮ್ಮ ಹಳ್ಳಿದಾರಿಗಳಲ್ಲಿ ಜೀಪಿನ ಹಿಂದೆ ಕಂಪ್ರೆಸರು ಕಟ್ಟುವವರು ಎಷ್ಟು ಯೋಚಿಸಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮುಂಗಾಲೆತ್ತುವ ಟ್ರ್ಯಾಕ್ಟರು

ಟ್ರ್ಯಾಕ್ಟರಿಗೆ ವಿಶಿಷ್ಟವಾದ ಇನ್ನೊಂದು ಅಪಾಯವಿದೆ. ಏರಿನಲ್ಲೋ ಕೆಸರಿನಲ್ಲೋ ಭಾರ ಜಗ್ಗಿದಾಗ ಅದು ಹಿಂಗಾಲುಗಳ ಮೇಲೆ ನಿಂತ ಕುದುರೆಯಂತೆ ಮುಂದಿನ ಚಕ್ರಗಳನ್ನು ಮೇಲೆತ್ತಿ, ಚಾಲಕನ ಮೇಲೆ ಹಿಮ್ಮುಖವಾಗಿ ಮಗುಚುವುದುಂಟು. ಮುಂಚಕ್ರ ಎದ್ದ ಕ್ಷಣದಿಂದ ಪೂರ್ತಿ ಮಗುಚುವವರೆಗೆ ಹಿಡಿಯುವ ಕಾಲ ಸುಮಾರು ಒಂದೂವರೆ ಸೆಕೆಂಡು. ಕಂಡು, ತಿಳಿದು, ಕ್ಲಚ್ಚು ತುಳಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಹೀಗಾಗುವುದು ಬಹುವಾಗಿ ಭಾರವನ್ನು ಕಟ್ಟಬಾರದ ಎತ್ತರದಲ್ಲಿ ಕಟ್ಟಿದಾಗ. ಎಳೆಯುವ ಭಾರವನ್ನು ಹಿಂದಿನ ಅಚ್ಚಿಗಿಂತ ಕೆಳಗಿರುವ, ಅದಕ್ಕೆಂದೇ ತಯಾರಕರು ಕೊಟ್ಟಿರುವ ಕೊಂಡಿಗೆ ಮಾತ್ರ ತಗುಲಿಸಬೇಕು. ಉಪಕರಣಗಳನ್ನು ಎತ್ತುವ ಮೇಲಿನ ಟಾಪ್ ಲಿಂಕಿಗಾಗಲಿ, ಆಸನದ ಬುಡಕ್ಕಾಗಲಿ, ಅಚ್ಚಿನ ಮೇಲಕ್ಕಾಗಲಿ ಸರಪಳಿಯನ್ನು ಸುತ್ತಕೂಡದು. ಕೆಳಗಿನ ಕೊಂಡಿಯಿಂದ ಎಳೆದಾಗ ಚಕ್ರಗಳು ಸುಮ್ಮನೆ ಜಾರಿಯಾವು. ಮೇಲಿನಿಂದ ಎಳೆದಾಗ ಟ್ರ್ಯಾಕ್ಟರೇ ಹಿಂದಕ್ಕೆ ಮಗುಚೀತು. ಚಕ್ರ ತಿರುಗಿಸಿದರೂ ಟ್ರ್ಯಾಕ್ಟರು ತಿರುಗದಷ್ಟು ಮುಂಭಾಗ ಹಗುರಾಗಬಾರದು. ಟ್ರ್ಯಾಕ್ಟರಿನ ತೂಕದ ಐದನೆಯ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲೆ ಉಳಿಯಬೇಕು. ಅದಕ್ಕಾಗಿಯೇ ಮುಂದೆ ತಗುಲಿಸುವ ಕಬ್ಬಿಣದ ತೂಕಗಳಿವೆ.

ಕಣೇಕಲ್ಲಿನ ಸುತ್ತ ಹಗರಿಯ ದಂಡೆಯ ಮರಳು ಗಾಳಿಗೆ ಹಾರಿ ಹೊಲಗಳನ್ನು ಕವಿದಿರುವುದನ್ನು ಆ ಭಾಗದ ವಾಚಕರು ಬಲ್ಲರು. ಅಂಥ ಮರಳಿನಲ್ಲಿ ಚಕ್ರ ಹೂತಾಗ, ಹಿಂದಿನ ಚಕ್ರಗಳಿಗೆ ಅಡ್ಡಲಾಗಿ ಮರದ ದಿಮ್ಮಿಯನ್ನು ಬಿಗಿದು ಜೋರಾಗಿ ಮುಂದಕ್ಕೆ ಒತ್ತುವ ಪದ್ಧತಿಯೊಂದಿದೆ. ಇದು ಅತ್ಯಂತ ಅಪಾಯಕರ. ಚಕ್ರ ತಿರುಗಲು ಆಸ್ಪದವಿಲ್ಲದಿದ್ದಾಗ ಎಂಜಿನಿನ ಶಕ್ತಿ ಟ್ರ್ಯಾಕ್ಟರಿನ ದೇಹವನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಟ್ರೈಲರನ್ನು ಕಳಚಿ, ಚಕ್ರದ ಹಿಂದಿನ ಮರಳನ್ನು ತೆಗೆದು, ಹಿಮ್ಮುಖವಾಗಿ ಹೊರಬರುವುದೇ ಸರಿಯಾದ ಉಪಾಯ. ಸ್ವೀಡನ್ ದೇಶವು 1959ರಷ್ಟು ಹಿಂದೆಯೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನನ್ನು ಕಾಯುವ ಬಲವಾದ ಚೌಕಟ್ಟನ್ನು ಕಡ್ಡಾಯ ಮಾಡಿತು. ಅದರಿಂದ ಮಗುಚಿ ಸಾಯುವವರ ಸಂಖ್ಯೆ ಬಹಳವಾಗಿ ಇಳಿಯಿತು. ಅಂಥ ಚೌಕಟ್ಟಿಲ್ಲದ ಟ್ರ್ಯಾಕ್ಟರನ್ನು ನಡೆಸುವವರಿಗೆ ಎಚ್ಚರಿಕೆಯೊಂದೇ ಚೌಕಟ್ಟು.

ಕೀಲು, ಸರಪಳಿ, ಹಗ್ಗ

ಕಡಾಣಿ ಕಳಚಿದ ಗಾಡಿ ದಾರಿಯಲ್ಲಿ ಉಳಿಯುತ್ತದೆ. ಟ್ರೈಲರಿನ ಕೀಲು ಕಳಚಿದರೆ ಆಗುವ ಅನಾಹುತ ಅದಕ್ಕಿಂತ ಘೋರ. ಬಿಟ್ಟುಹೋದ ಟ್ರೈಲರು ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ. ಸವೆದ ಕೀಲಿನ ಬದಲು ಕಬ್ಬಿಣದ ಸರಳಿನ ತುಂಡನ್ನೋ ಬೋಲ್ಟನ್ನೋ ತೂರಿಸಿ ಹೊರಡುವುದು ನಿಲ್ಲಬೇಕು. ಕೀಲಿಗೆ ತಕ್ಕ ಅಳತೆಯಿರಬೇಕು, ಅದು ಮೇಲಕ್ಕೆ ಜಿಗಿಯದಂತೆ ಕೆಳಗೆ ಚಿಮಟಿ ಇರಬೇಕು. ಇದರ ಜೊತೆಗೆ ಟ್ರೈಲರಿನ ಮೂಕಿಯಿಂದ ವಾಹನಕ್ಕೆ ಒಂದು ಗಟ್ಟಿಯಾದ ಸರಪಳಿಯನ್ನು, ತಿರುವಿಗೆ ಬೇಕಾದಷ್ಟು ಮಾತ್ರ ಸಡಿಲಬಿಟ್ಟು, ಕಟ್ಟಬೇಕು. ಕೀಲು ಮುರಿದರೂ ಸರಪಳಿ ಹಿಡಿದಿಡುತ್ತದೆ.

ಯಂತ್ರವನ್ನು ಟ್ರೈಲರಿಗೆ ಏರಿಸುವಾಗ ನೆಲ ಸಮವಾಗಿರಬೇಕು. ಎಲ್ಲ ಗಾಲಿಗಳಿಗೂ ಹಿಂದೆ ಮುಂದೆ ಮರದ ತುಂಡುಗಳನ್ನು ಒಡ್ಡಿರಬೇಕು. ಹಲಗೆಗಳ ಮೇಲೆ ಯಂತ್ರ ಏರುವಾಗ ಒಂದೇ ಅಚ್ಚಿನ ಟ್ರೈಲರಿನ ಹಿಂಬದಿ ಕುಸಿದು ಮೂಕಿ ಮೇಲೇಳುವುದರಿಂದ, ಹಿಂಬದಿಯ ಕೆಳಗೆ ಗಟ್ಟಿಯಾದ ಆಧಾರವನ್ನು ಮೊದಲೇ ಕೊಡಬೇಕು. ಏರಿದ ಯಂತ್ರವನ್ನು ನಾಲ್ಕು ಮೂಲೆಗಳಿಂದಲೂ ಬೇರೆ ಬೇರೆಯಾಗಿ ಬಿಗಿಯತಕ್ಕದ್ದು; ಒಂದೇ ಹಗ್ಗವನ್ನು ಸುತ್ತಿದರೆ ಒಂದು ಕಡೆ ಸಡಿಲಾದಾಗ ಎಲ್ಲವೂ ಸಡಿಲಾಗುತ್ತದೆ. ಭಾರವಾದುದು ಕೆಳಗೆ, ಹಗುರಾದುದು ಮೇಲೆ ಎಂಬುದು ಎಲ್ಲ ಕಾಲಕ್ಕೂ ಸಲ್ಲುವ ನಿಯಮ. ಹೊರಟು ಎರಡು ಮೂರು ಕಿಲೋಮೀಟರು ಹೋದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಕಟ್ಟುಗಳನ್ನೂ ಮತ್ತೆ ಬಿಗಿಯಬೇಕು; ಹೊಸ ಕಟ್ಟು ಕುಲುಕಾಟಕ್ಕೆ ಸಡಿಲಾಗದೆ ಇರುವುದಿಲ್ಲ.

ಕಡಲೆಕಾಯಿ ಬಿಡಿಸುವಂಥ ಯಂತ್ರಗಳನ್ನು ಅವುಗಳ ಸ್ವಂತ ಗಾಲಿಗಳ ಮೇಲೆಯೇ ಎಳೆದೊಯ್ಯುವುದುಂಟು. ಅವು ಎತ್ತರವಾಗಿ, ಕಿರಿದಾದ ಗಾಲಿಗಳ ಮೇಲೆ, ಸ್ಪ್ರಿಂಗಿಲ್ಲದೆ ನಿಂತಿರುತ್ತವೆ. ಅವನ್ನು ಎಳೆಯುವಾಗ ಗಂಟೆಗೆ 15 ಕಿಲೋಮೀಟರಿಗಿಂತ ಹೆಚ್ಚಿನ ಅವಸರ ಬೇಡ. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಶಕ್ತಿ ಕೊಡುವ ತಿರುಗುವ ದಂಡವನ್ನು ರಸ್ತೆಗೆ ಬರುವ ಮೊದಲು ಕಳಚಿಡಬೇಕು. ಹಳ್ಳಿಗಳೊಳಗೆ ಜೋತುಬಿದ್ದ ವಿದ್ಯುತ್ ತಂತಿಗಳು ಯಂತ್ರದ ನೆತ್ತಿಗೆ ತಗಲುವುವೇ ಎಂಬುದನ್ನು ಮೊದಲೇ ನಡೆದು ನೋಡಿಕೊಳ್ಳುವುದು ವಿವೇಕ.

ಕತ್ತಲೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಮಣ್ಣಿನ ಬಣ್ಣಕ್ಕೆ ತಿರುಗಿದ ಟ್ರೈಲರು ಇರುಳಿನಲ್ಲಿ ಹಿಂದಿನಿಂದ ಬರುವವನಿಗೆ ಕಾಣುವುದಿಲ್ಲ; ಮೋಟರುಬೈಕಿನವನು ಬಂದು ಅಪ್ಪಳಿಸಿದ ಮೇಲೆಯೇ ಅದು ಅಲ್ಲಿತ್ತೆಂದು ತಿಳಿಯುತ್ತದೆ. ಹಿಂಬದಿಗೆ ಕೆಂಪು ಪ್ರತಿಫಲಕ, ಉರಿಯುವ ಕೆಂಪು ದೀಪ ಎರಡೂ ಇರಲಿ. ಹೊರಚಾಚಿದ ಕೊಳವೆಗಳ ತುದಿಗೆ ಹಗಲಿನಲ್ಲಿ ಕೆಂಪು ಬಟ್ಟೆ, ಇರುಳಿನಲ್ಲಿ ಕೆಂಪು ದೀಪ ಇರಲಿ. ಕೆಟ್ಟು ನಿಂತರೆ ರಸ್ತೆಯಿಂದ ಆದಷ್ಟು ಆಚೆಗೆ ಎಳೆದಿಡಬೇಕು. ಗಾಲಿಗೆ ಒಡ್ಡಿದ ಕಲ್ಲನ್ನು ರಸ್ತೆಯಲ್ಲೇ ಬಿಟ್ಟುಹೋಗುವುದು ಇನ್ನೊಬ್ಬರ ಪ್ರಾಣಕ್ಕೆ ಬಲೆಯೊಡ್ಡಿದಂತೆ.

ಹೊರೆಯ ಮೇಲೆ ಮನುಷ್ಯರು

ಇನ್ನು ಎಲ್ಲಕ್ಕಿಂತ ಸಂಕಟದ ವಿಷಯ. ಯಂತ್ರದೊಡನೆ ಕೆಲಸದವರೂ ಹೋಗಬೇಕಾಗುತ್ತದೆ, ಬೇರೆ ವಾಹನವಿಲ್ಲ, ಎಲ್ಲರೂ ಟ್ರೈಲರಿನಲ್ಲಿ ಯಂತ್ರದ ಪಕ್ಕದಲ್ಲೇ ಕೂರುತ್ತಾರೆ. ಒಬ್ಬಿಬ್ಬರು ಮೂಕಿಯ ಮೇಲೆ ನಿಲ್ಲುತ್ತಾರೆ. ಮನೆಯ ಮಗು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ನಲಿಯುತ್ತದೆ. ಟ್ರೈಲರು ಮಗುಚಿದಾಗ ಯಂತ್ರ ಬೀಳುವುದು ಇವರ ಮೇಲೆಯೇ. ಮೂಕಿಯಿಂದ ಜಾರಿದವನು ಬೀಳುವುದು ಗಾಲಿಯ ಮುಂದೆಯೇ.

ಟ್ರೈಲರು ಇರುವುದು ಸರಕಿಗೆ, ಮನುಷ್ಯರಿಗಲ್ಲ ಎಂಬುದು ಕಾಯಿದೆಯ ದೃಷ್ಟಿಯೂ ಹೌದು. ಮೋಟಾರು ವಾಹನಗಳ ಕಾಯಿದೆ, 1988, ಗಡಿಯ ಆಚೆಗೂ ಈಚೆಗೂ ಒಂದೇ ಆಗಿದೆ. ರಾಯದುರ್ಗದಿಂದ ಬಳ್ಳಾರಿಗೆ ಹೋದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಮಿತಿಮೀರಿದ ಹೊರೆಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿಯೊಂದು ಟನ್ನಿಗೆ 2,000 ರೂಪಾಯಿ ದಂಡವನ್ನು 2019ರ ತಿದ್ದುಪಡಿ ಗೊತ್ತುಪಡಿಸಿತು. ದಂಡಕ್ಕಿಂತ ಭಾರವಾದದ್ದು ವಿಮೆಯ ಪ್ರಶ್ನೆ. ಟ್ರ್ಯಾಕ್ಟರಿಗೆ ವಿಮೆಯಿದ್ದರೆ ಟ್ರೈಲರಿಗೂ ಇದ್ದಂತೆಯೇ ಎಂದು ಅನೇಕರು ನಂಬಿದ್ದಾರೆ. ಅದು ತಪ್ಪು. ಟ್ರ್ಯಾಕ್ಟರಿಗೆ ಕಟ್ಟಿದ ಟ್ರೈಲರಿನಲ್ಲಿ ಹೋಗುತ್ತಿದ್ದ ಕೂಲಿಯೊಬ್ಬರು ಗಾಯಗೊಂಡ ಪ್ರಕರಣ 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಟ್ರ್ಯಾಕ್ಟರಿಗೆ ವ್ಯವಸಾಯಕ್ಕೆಂದು ವಿಮೆಯಿತ್ತು, ಟ್ರೈಲರಿಗೆ ಇರಲಿಲ್ಲ. ಸಾಗಿಸುತ್ತಿದ್ದುದು ಇಟ್ಟಿಗೆ ಗೂಡಿನ ಮಣ್ಣು. ವಿಮಾ ಕಂಪನಿ ಇದಕ್ಕೆ ಹೊಣೆಯಲ್ಲವೆಂದು ನ್ಯಾಯಾಲಯ ಹೇಳಿತು. ಗಾಯಾಳುವಿನ ಬಡತನವನ್ನು ಕಂಡು, ಕಂಪನಿ ಮೊದಲು ಪರಿಹಾರವನ್ನು ಕೊಟ್ಟು ಅನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲೆಂದು ವಿಶೇಷವಾಗಿ ಆದೇಶಿಸಿತು. ಕೊನೆಗೆ ಆ ಭಾರ ಬಿದ್ದುದು ಮಾಲೀಕನ ಹೆಗಲಿನ ಮೇಲೆಯೇ ಎಂಬುದು ಗಮನಾರ್ಹ. ಮೂರು ನಾಲ್ಕು ಎಕರೆಯ ರೈತನಿಗೆ ಅಂಥ ವಸೂಲಿಯೆಂದರೆ ಭೂಮಿಯನ್ನು ಮಾರುವುದೆಂದೇ ಅರ್ಥ.

ಆದುದರಿಂದ ಟ್ರೈಲರಿನ ನೋಂದಣಿಯನ್ನೂ ವಿಮೆಯನ್ನೂ ಪ್ರತ್ಯೇಕವಾಗಿ ಮಾಡಿಸಿರಬೇಕು. ಬಾಡಿಗೆಗೆ ಹೋಗುವುದಾದರೆ ವಿಮೆಯ ಪತ್ರದಲ್ಲಿ ಯಾವ ಉಪಯೋಗವನ್ನು ಬರೆದಿದೆಯೆಂದು ಓದಿಸಿ ತಿಳಿಯಬೇಕು. ರಾಜ್ಯದ ಗಡಿ ದಾಟುವವರು ತೆರಿಗೆ, ರಹದಾರಿಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮನುಷ್ಯರು ಬಸ್ಸಿನಲ್ಲೋ ಆಟೋದಲ್ಲೋ ಮುಂದಾಗಿ ಹೋಗಿ ಹೊಲದಲ್ಲಿ ಕಾಯಲಿ, ಯಂತ್ರ ನಿಧಾನವಾಗಿ ಹಿಂದೆ ಬರಲಿ. ಕೂಲಿಯವರ ಬಸ್ ಚಾರ್ಜನ್ನು ಯಂತ್ರದ ಬಾಡಿಗೆಯಲ್ಲೇ ಸೇರಿಸಿ ಲೆಕ್ಕ ಹಾಕುವ ಪದ್ಧತಿಯನ್ನು ನಮ್ಮ ಊರುಗಳ ಯಂತ್ರದ ಮಾಲೀಕರು ಒಟ್ಟಾಗಿ ಆರಂಭಿಸಿದರೆ, ಯಾರಿಗೂ ಅದು ಹೊರೆಯಾಗದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ರಾಯದುರ್ಗ ಬಳ್ಳಾರಿಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಯನ್ನು ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎಲ್ಲೆಗಳು ಹೀಗೆ ಬದಲಾದರೂ ನಮ್ಮ ಸಂತೆ, ಸಂಬಂಧ, ಬೇಸಾಯಗಳ ದಾರಿಗಳು ಎರಡು ರಾಜ್ಯಗಳನ್ನೂ ಹೊಲಿದುಕೊಂಡೇ ಇವೆ. ಈ ದಾರಿಗಳಲ್ಲಿ ನಮ್ಮ ಮಕ್ಕಳು ನಾಳೆಯೂ ಭಾರವನ್ನು ಎಳೆದೊಯ್ಯುವರು. ಹೊರಡುವ ಮುನ್ನ ಮನೆಯವರು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಕೀಲಿಗೆ ಚಿಮಟಿ ಹಾಕಿದೆಯೇ, ಪೆಡಲುಗಳು ಒಂದಾಗಿವೆಯೇ, ಹಿಂದಿನ ದೀಪ ಉರಿಯುತ್ತದೆಯೇ, ಹೊರೆಯ ಮೇಲೆ ಯಾರಾದರೂ ಕುಳಿತಿದ್ದಾರೆಯೇ? ಓದು ಬಾರದ ಅಜ್ಜಿಯೂ ಈ ನಾಲ್ಕನ್ನು ಅಂಗಳದಲ್ಲಿ ನಿಂತು ಕೇಳಬಲ್ಲಳು. ಉತ್ತರ ಸಮರ್ಪಕವಾಗಿ ಬರುವವರೆಗೆ ವಾಹನವನ್ನು ಬಿಡದಿರುವ ಅಧಿಕಾರವನ್ನು ಅವಳಿಗೆ ಕೊಡುವುದು ಪ್ರತಿಯೊಂದು ಮನೆಗೂ ಶ್ರೇಯಸ್ಕರ.